ನಡೆಯುತ್ತಿರುವ ಅಂಗಡಿ ಕೊಳ್ಳುವಾಗ, ಮಾರುವಾಗ: ಗಡಿಯಾಚೆಯ ಮದ್ದೂರಿನ ಲೆಕ್ಕ

ಹೊಸ ಅಂಗಡಿ ತೆರೆದು ಗಿರಾಕಿಗಳಿಗಾಗಿ ಕಾಯುವುದಕ್ಕಿಂತ ನಡೆಯುತ್ತಿರುವ ಅಂಗಡಿಯನ್ನೇ ತಗೊಳ್ಳೋದು ಒಳ್ಳೆಯದು ಎಂಬ ಮಾತು ವ್ಯಾಪಾರಿಗಳಲ್ಲಿ ಹಳೆಯದು. ಗಲ್ಫ್‌ನಿಂದ ವಾಪಸಾದವರು, ಬೇರೆಯವರ ಹೋಟೆಲಿನಲ್ಲಿ ಹತ್ತು ವರ್ಷ ದುಡಿದು ಸ್ವಂತದ್ದೊಂದು ಬೇಕು ಎನ್ನುವವರು ಹೆಚ್ಚಾಗಿ ಇದೇ ದಾರಿ ಹಿಡಿಯುತ್ತಾರೆ. ಮಾತು ಒಂದೆರಡು ದಿನದಲ್ಲಿ ಮುಗಿಯುತ್ತದೆ. ಪರಿಚಯದವರೊಬ್ಬರು ನಡುವೆ ನಿಲ್ಲುತ್ತಾರೆ, ಚಹಾ ಕುಡಿಯುತ್ತಾ ಒಂದು ಮೊತ್ತ ನಿಗದಿಯಾಗುತ್ತದೆ, ಕೈ ಹಿಡಿದು ಸಲಾಂ ಹೇಳಿದರೆ ವ್ಯವಹಾರ ಆದಂತೆ. ಆರು ತಿಂಗಳಾದ ಮೇಲೆ ಕಟ್ಟಡದ ಮಾಲಕ ಬಂದು ‘ನೀವು ಯಾರು?’ ಎಂದು ಕೇಳಿದಾಗ, ಕೊಟ್ಟ ದುಡ್ಡಿಗೆ ಕೈಗೆ ಬಂದದ್ದು ಏನು ಎಂಬ ಪ್ರಶ್ನೆ ಮೊದಲ ಬಾರಿ ಏಳುತ್ತದೆ.

ಕರಾವಳಿಯವರು ಬೇಕರಿ, ಹೋಟೆಲು, ಹಣ್ಣಿನ ಅಂಗಡಿ, ಚಪ್ಪಲಿ ಅಂಗಡಿ ಹಾಕಿಕೊಂಡು ಉತ್ತರ ಕರ್ನಾಟಕ, ಹೈದರಾಬಾದ್ ಕಡೆಗೆ ಹೋಗುವುದು ಹೊಸದಲ್ಲ. ಊರಿಂದ ದೂರವಾದಷ್ಟೂ, ಅದರಲ್ಲೂ ರಾಜ್ಯದ ಗಡಿ ದಾಟಿದಾಗ, ಈ ಪ್ರಶ್ನೆ ಇನ್ನಷ್ಟು ಕಠಿಣವಾಗುತ್ತದೆ. ಅದಕ್ಕೆ ಮದ್ದೂರು ಒಳ್ಳೆಯ ಉದಾಹರಣೆ. ವಡೆಗೆ ಹೆಸರಾದ ಮಂಡ್ಯ ಜಿಲ್ಲೆಯ ಮದ್ದೂರಲ್ಲ. ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಮಂಡಲ ಕೇಂದ್ರ. 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಹೊಸ ಜಿಲ್ಲೆಯಾಯಿತು. ಅದಕ್ಕೂ ಮೊದಲು ಇದೆಲ್ಲ ಮಹಬೂಬ್‌ನಗರ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲ್ಬರ್ಗ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲೂಕುಗಳು, ರಾಯಚೂರು ಜಿಲ್ಲೆಯ ಗದ್ವಾಲ್, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಹಾಗಾಗಿ ಈ ಪಟ್ಟಿಯಲ್ಲಿ ಪೇಟೆಯ ಮಾತು ತೆಲುಗು, ಕನ್ನಡ, ದಖನಿ ಉರ್ದು ಮೂರರಲ್ಲೂ ನಡೆಯುತ್ತದೆ. ಮಾತು ಮೂರರಲ್ಲಿ ನಡೆದರೂ ಕಾನೂನು ಮಾತ್ರ ಒಂದೇ ಕಡೆಯದು. ಗುರುಮಠಕಲ್‌ನಲ್ಲೋ ಯಾದಗಿರಿಯಲ್ಲೋ ವ್ಯಾಪಾರ ಮಾಡಿ ಗೊತ್ತಿದ್ದವರು ಗಡಿ ದಾಟಿದ ಕೂಡಲೇ ಎಡವುವುದು ಇಲ್ಲೇ.

ಕೊಳ್ಳುವುದು ಏನನ್ನು?

ಲೆಕ್ಕಕ್ಕಾಗಿ ಮದ್ದೂರಿನಲ್ಲಿ ಒಂದು ಬೇಕರಿ ಮಾರಾಟಕ್ಕಿದೆ ಎಂದುಕೊಳ್ಳಿ. ಚಹಾ, ಬನ್ನು, ಪಫ್ಸು, ಹುಟ್ಟುಹಬ್ಬದ ಕೇಕು. ಮಾರುವವರು ಹೇಳುವ ಬೆಲೆ 12 ಲಕ್ಷ. ‘ದಿನಕ್ಕೆ ಹನ್ನೆರಡು ಸಾವಿರ ವ್ಯಾಪಾರ ಭಾಯ್, ತಿಂಗಳಿಗೆ ಎಪ್ಪತ್ತು ಸಾವಿರ ಕೈಯಲ್ಲಿ ಉಳೀತದ.’ ಮಾತು ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ 12 ಲಕ್ಷ ಎಂಬುದು ಒಂದು ಬೆಲೆಯಲ್ಲ, ನಾಲ್ಕು ಬೆಲೆಗಳ ಮೊತ್ತ. ಅದನ್ನು ಬಿಡಿಸಿ ಹೇಳಿ ಎಂದು ಕೇಳುವುದೇ ಚೌಕಾಸಿಯ ಮೊದಲ ಹೆಜ್ಜೆ.

ಬಿಡಿಸಿದಾಗ ಹೀಗೆ ಬಂತು ಎನ್ನೋಣ: ಒಳಗಿರುವ ಸರಕು ಒಂದೂವರೆ ಲಕ್ಷ, ಒಲೆ, ಹಿಟ್ಟು ಕಲಸುವ ಯಂತ್ರ, ಫ್ರಿಜ್, ಗಾಜಿನ ಕಪಾಟು ಎಲ್ಲ ಸೇರಿ ಮೂರೂವರೆ ಲಕ್ಷ, ಕಟ್ಟಡದ ಮಾಲಕರ ಹತ್ತಿರ ಇರುವ ಅಡ್ವಾನ್ಸ್ 2 ಲಕ್ಷ, ಉಳಿದ 5 ಲಕ್ಷ ‘ಹೆಸರಿಗೆ’. ಈ ಹೆಸರಿನ ಬೆಲೆಯನ್ನೇ ಗುಡ್‌ವಿಲ್, ಕೆಲವು ಕಡೆ ಪಗಡಿ ಎನ್ನುವುದು.

ಸರಕಿನ ಬೆಲೆ ಕಟ್ಟುವುದು ಸುಲಭ. ಹಸ್ತಾಂತರದ ಹಿಂದಿನ ರಾತ್ರಿ ಇಬ್ಬರೂ ಕೂತು ಎಣಿಸಬೇಕು, ಖರೀದಿ ಬಿಲ್ಲಿನ ದರ ಹಾಕಬೇಕು, ಅವಧಿ ಮುಗಿದದ್ದನ್ನೂ ವರ್ಷದಿಂದ ಅಲುಗಾಡದ್ದನ್ನೂ ಬಿಡಬೇಕು. ಮಾರುವವರು ಪ್ರತಿ ವರ್ಷ ಝಕಾತ್ ಲೆಕ್ಕ ಹಾಕುವವರಾಗಿದ್ದರೆ ಇನ್ನೊಂದು ದಾರಿಯೂ ಇದೆ: ಕಳೆದ ರಮಝಾನಿನಲ್ಲಿ ವ್ಯಾಪಾರದ ಸರಕಿಗೆ ಎಷ್ಟು ಬೆಲೆ ಕಟ್ಟಿ ಝಕಾತ್ ಕೊಟ್ಟರು ಎಂದು ಮೆಲ್ಲಗೆ ಕೇಳುವುದು. ಅಲ್ಲಾಹನ ಮುಂದೆ ಒಂದು ಲೆಕ್ಕ, ಖರೀದಿದಾರನ ಮುಂದೆ ಇನ್ನೊಂದು ಲೆಕ್ಕ ಹೇಳಲು ಹೆಚ್ಚಿನವರಿಗೆ ಬಾಯಿ ಬರುವುದಿಲ್ಲ. ಯಂತ್ರಗಳಿಗೆ ಹೊಸದರ ಬೆಲೆಯಲ್ಲ, ಹೈದರಾಬಾದಿನಲ್ಲೋ ರಾಯಚೂರಿನಲ್ಲೋ ಅದೇ ಸ್ಥಿತಿಯ ಹಳೆ ಯಂತ್ರ ಎಷ್ಟಕ್ಕೆ ಸಿಗುತ್ತದೆ ಎಂಬುದೇ ಬೆಲೆ. ಒಲೆಯನ್ನು ಒಂದು ದಿನ ಪೂರ್ತಿ ಉರಿಸಿ ನೋಡದೆ ದುಡ್ಡು ಕೊಡಬಾರದು.

ಗಲ್ಲೆಯ ಹಿಂದೆ ಕೂತಾಗ

ಹೆಸರಿನ ಬೆಲೆ ಕಟ್ಟುವುದೇ ಕಷ್ಟದ ಕೆಲಸ. ದಿನಕ್ಕೆ ಹನ್ನೆರಡು ಸಾವಿರ ಎಂಬುದನ್ನು ನಂಬುವುದು ಹೇಗೆ? ವಾರ ಹತ್ತು ದಿನ ಗಲ್ಲೆಯ ಹತ್ತಿರ ಕೂರಲು ಬಿಡಿ ಎಂದು ಕೇಳಬೇಕು. ಸಂತೆಯ ದಿನವೂ ಇರಬೇಕು, ಸಂತೆಯಿಲ್ಲದ ದಿನವೂ ಇರಬೇಕು. ಮಾರುವವರು ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಬೇಕರಿಯಲ್ಲಿ ಮೈದಾ ಸುಳ್ಳು ಹೇಳುವುದಿಲ್ಲ: ತಿಂಗಳಿಗೆ ಎಷ್ಟು ಮೂಟೆ ಮೈದಾ, ಎಷ್ಟು ಸಕ್ಕರೆ, ಎಷ್ಟು ಹಾಲು ಬಂತು ಎಂಬ ಬಿಲ್ಲುಗಳನ್ನು ಜೋಡಿಸಿದರೆ ವ್ಯಾಪಾರದ ಅಂದಾಜು ತಾನಾಗಿಯೇ ಸಿಗುತ್ತದೆ. ಕರೆಂಟ್ ಬಿಲ್ಲು, ವಾಣಿಜ್ಯ ಸಿಲಿಂಡರಿನ ರಸೀದಿ, ಯುಪಿಐ ಖಾತೆಯ ಸ್ಟೇಟ್‌ಮೆಂಟು, ಇವೂ ಸಾಕ್ಷಿಗಳೇ.

ಲಾಭದ ಲೆಕ್ಕಕ್ಕೆ ಬರೋಣ. ತಿಂಗಳಿಗೆ 3,60,000 ವ್ಯಾಪಾರ. ಸರಕಿಗೆ 2,20,000, ಬಾಡಿಗೆ 15,000, ಕರೆಂಟ್ ಮತ್ತು ಗ್ಯಾಸ್ 20,000, ಇಬ್ಬರು ಕೆಲಸಗಾರರಿಗೆ 35,000. ಉಳಿದದ್ದು 70,000. ಮಾರುವವರ ಮಾತು ಸರಿಯೇ ಇತ್ತು. ಆದರೆ ಬೆಳಗ್ಗೆ ಐದಕ್ಕೆ ಬಾಗಿಲು ತೆಗೆಯುವವರು ಅವರೇ, ರಾತ್ರಿ ಹನ್ನೊಂದಕ್ಕೆ ಹಾಕುವುದು ಅವರ ಮಗ. ಇಬ್ಬರಿಗೂ ಸಂಬಳವಿಲ್ಲ. ಆ ಎರಡು ಜಾಗಕ್ಕೆ ಹೊರಗಿನವರನ್ನು ಇಟ್ಟರೆ 35,000 ಹೋಗುತ್ತದೆ. ಅಂದರೆ ಅಂಗಡಿಯ ನಿಜವಾದ ಲಾಭ 35,000. ಉಳಿದರ್ಧ ಅಪ್ಪ, ಮಗನ ಕೂಲಿ. ಹೆಸರಿಗೆ ಬೆಲೆ ಕೊಡುವುದಾದರೆ ಮೊದಲ ಅರ್ಧಕ್ಕೆ ಮಾತ್ರ. ಎರಡನೆಯ ಅರ್ಧವನ್ನು ಕೊಳ್ಳುವವನು ತನ್ನ ಬೆವರಿನಿಂದಲೇ ಮತ್ತೆ ಸಂಪಾದಿಸಬೇಕು. ಅದಕ್ಕೆ ಮುಂಗಡ ಬೆಲೆ ಯಾಕೆ ಕೊಡಬೇಕು?

ಇಲ್ಲೇ ಇನ್ನೊಂದು ವಿಷಯ ಹೊರಬರುತ್ತದೆ. ದಿನಕ್ಕೆ ಹನ್ನೆರಡು ಸಾವಿರ ಎಂದರೆ ವರ್ಷಕ್ಕೆ 43 ಲಕ್ಷ ದಾಟುತ್ತದೆ. ತೆಲಂಗಾಣದಲ್ಲಿ ಸರಕಿನ ವ್ಯಾಪಾರಕ್ಕೂ ಸೇವೆಗೂ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ಅದು 40 ಲಕ್ಷ; ತೆಲಂಗಾಣ ಆ ಹೆಚ್ಚಿನ ಮಿತಿಯನ್ನು ಒಪ್ಪಿಕೊಳ್ಳಲಿಲ್ಲ. ಒಂದೇ ಅಳತೆಯ ಕಿರಾಣಿ ಅಂಗಡಿ ಗುರುಮಠಕಲ್‌ನಲ್ಲಿದ್ದರೆ ನೋಂದಣಿ ಬೇಡ, ಮದ್ದೂರಿನಲ್ಲಿದ್ದರೆ ಬೇಕು. ಕೂರಿಸಿ ಚಹಾ ಕೊಡುವ ಬೇಕರಿಗಂತೂ ಎರಡೂ ಕಡೆ 20 ಲಕ್ಷವೇ, ಯಾಕೆಂದರೆ ಅದು ಬರೀ ಸರಕಿನ ವ್ಯಾಪಾರವಲ್ಲ. ಹಾಗಿದ್ದರೆ ‘ನಮ್ಮದು ಚಿಕ್ಕ ಅಂಗಡಿ, ಜಿಎಸ್‌ಟಿ ಏನೂ ಮಾಡ್ಸಿಲ್ಲ’ ಎಂದು ಮಾರುವವರು ಹೇಳಿದರೆ ಎರಡರಲ್ಲಿ ಒಂದು ನಿಜ: ವ್ಯಾಪಾರದ ಮಾತು ಉಬ್ಬಿಸಿದ್ದು, ಇಲ್ಲವೇ ಕಟ್ಟದ ತೆರಿಗೆ ತಲೆಯ ಮೇಲಿದೆ. ಎರಡನೆಯದು ಹೆಚ್ಚು ಅಪಾಯ. ವ್ಯಾಪಾರ ಕೈಬದಲಾದರೆ ಅಲ್ಲಿಯವರೆಗಿನ ಜಿಎಸ್‌ಟಿ ಬಾಕಿ, ಬಡ್ಡಿ, ದಂಡಕ್ಕೆ ಮಾರಿದವನೂ ಕೊಂಡವನೂ ಜಂಟಿಯಾಗಿ ಹೊಣೆ ಎಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 85ನೇ ಕಲಂ ಹೇಳುತ್ತದೆ. ಬಾಕಿಯೆಲ್ಲ ಮಾರಿದವರದೇ ಎಂದು ಇಬ್ಬರೂ ಬರೆದುಕೊಂಡರೂ ಇಲಾಖೆಗೆ ಅದು ತಾಗದು. ಕಟ್ಟಿದ ಮೇಲೆ ಮಾರಿದವರಿಂದ ವಸೂಲಿ ಮಾಡಲು ಮಾತ್ರ ಆ ಬರಹ ನೆರವಾಗುತ್ತದೆ.

ನೋಂದಣಿ ಇರುವ ಅಂಗಡಿಯಾದರೆ ಒಂದು ಅನುಕೂಲವೂ ಇದೆ. ಒಲೆಯನ್ನು ಒಂದು ಬಿಲ್ಲಿನಲ್ಲಿ, ಫ್ರಿಜ್ಜನ್ನು ಇನ್ನೊಂದರಲ್ಲಿ ಬಿಡಿಬಿಡಿಯಾಗಿ ಮಾರಿದರೆ ಅವುಗಳ ಮೇಲೆ ತೆರಿಗೆ ಬೀಳುತ್ತದೆ. ನಡೆಯುತ್ತಿರುವ ವ್ಯಾಪಾರವನ್ನು ಆಸ್ತಿ, ಹೊಣೆ ಸಮೇತ ಇಡಿಯಾಗಿ ವರ್ಗಾಯಿಸಿದರೆ ಆ ವರ್ಗಾವಣೆಗೆ ಜಿಎಸ್‌ಟಿ ವಿನಾಯಿತಿ ಇದೆ. ಮಾರುವವರ ಖಾತೆಯಲ್ಲಿ ಬಳಸದ ಇನ್‌ಪುಟ್ ಕ್ರೆಡಿಟ್ ಉಳಿದಿದ್ದರೆ ಐಟಿಸಿ-02 ಎಂಬ ಫಾರಂ ಮೂಲಕ ಕೊಂಡವರ ಖಾತೆಗೆ ಬರುತ್ತದೆ. ಒಪ್ಪಂದದ ಭಾಷೆ ಅದಕ್ಕೆ ತಕ್ಕಂತಿರಬೇಕು ಅಷ್ಟೆ.

ಉದ್ರಿ ಪುಸ್ತಕ

ಗಡಿ ಪಟ್ಟಿಯ ಅಂಗಡಿಗಳಲ್ಲಿ ಕಪಾಟಿಗಿಂತ ದೊಡ್ಡ ಆಸ್ತಿ ಉದ್ರಿ ಪುಸ್ತಕ. ಹತ್ತಿ, ತೊಗರಿ, ಭತ್ತದ ಊರು. ಬೆಳೆ ಮಾರಿದ ಮೇಲೆ ಕೊಡುವುದು ರೂಢಿ. ಹಳೆಯ ಮಹಬೂಬ್‌ನಗರ ಜಿಲ್ಲೆಯಿಂದ ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ಎಷ್ಟು ಹಳೆಯದೆಂದರೆ ‘ಪಾಲಮೂರು ಲೇಬರ್’ ಎಂಬ ಹೆಸರೇ ಬಿದ್ದಿದೆ. ಹೋಗುವ ಮುಂಚೆ ಮಾಡಿದ ಉದ್ರಿ ವಾಪಸ್ ಬಂದಾಗ ತೀರುತ್ತದೆ, ಬಾರದಿದ್ದರೆ ತೀರುವುದಿಲ್ಲ.

‘ಮೂರು ಲಕ್ಷ ಉದ್ರಿ ಬರೋದದ, ಅದೂ ನಿಮಗೇ’ ಎಂದು ಮಾರುವವರು ಬೆಲೆಗೆ ಸೇರಿಸಿದರೆ ಖುಷಿಪಡಬೇಕಾದ್ದೇನಿಲ್ಲ. ಆ ಸಾಲ ಕೊಟ್ಟದ್ದು ಅವರ ಮುಖಕ್ಕೆ. ಹೊಸಬ ಹೋಗಿ ಕೇಳಿದರೆ ‘ಅಣ್ಣನ ಹತ್ರ ಲೆಕ್ಕ ಮುಗ್ಸೀನಿ’ ಎಂಬ ಉತ್ತರ ಸಿಗುವುದೇ ಹೆಚ್ಚು. ಇಸ್ಲಾಮೀ ಫಿಖ್ಹ್‌ನಲ್ಲೂ ಮೂರನೆಯವರ ಮೇಲಿನ ಸಾಲವನ್ನು ಕಡಿಮೆ ಬೆಲೆಗೆ ಕೊಳ್ಳುವುದಕ್ಕೆ ಆಕ್ಷೇಪವಿದೆ. ಹಾಗಾಗಿ ಉದ್ರಿಯನ್ನು ಬೆಲೆಯಿಂದ ಹೊರಗಿಡುವುದೇ ಸುರಕ್ಷಿತ: ಪುಸ್ತಕ ಅಂಗಡಿಯಲ್ಲೇ ಇರಲಿ, ಆರು ತಿಂಗಳು ವಸೂಲಾದದ್ದನ್ನು ಕೊಂಡವನು ಮಾರಿದವನಿಗೆ ಕಳಿಸಲಿ, ಆ ಶ್ರಮಕ್ಕೆ ಮೊದಲೇ ಒಪ್ಪಿದ ಕೂಲಿ ಇಟ್ಟುಕೊಳ್ಳಲಿ. ಹಾಗೆ ಮಾಡಿದರೆ ಗಿರಾಕಿಗಳ ಪರಿಚಯವೂ ಆಗುತ್ತದೆ, ಯಾರಿಗೆ ಮುಂದೆ ಉದ್ರಿ ಕೊಡಬಾರದು ಎಂಬುದೂ ತಿಳಿಯುತ್ತದೆ.

ಅಂಗಡಿ ಕೊಡಬೇಕಾದ ಉದ್ರಿ ಬೇರೆ ಇದೆ. ಮೈದಾ ಏಜೆನ್ಸಿ, ಹಾಲಿನವರು, ಬಿಸ್ಕತ್ತಿನ ವಿತರಕರು ಎಲ್ಲರಿಗೂ ಬಾಕಿ ಎಷ್ಟು ಎಂದು ಅವರವರ ಬಾಯಿಂದಲೇ ಕೇಳಿ ಬರೆಸಿಕೊಳ್ಳಬೇಕು. ಸರಕು, ಯಂತ್ರದ ಮೇಲೆ ಬ್ಯಾಂಕಿನ ಸಾಲ ಇದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಇಲ್ಲದೆ ಅವು ಮಾರುವವರದ್ದೇ ಅಲ್ಲ. ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಇಂಥ ಅಡಮಾನಗಳನ್ನು ಹುಡುಕಬಹುದು.

ಕೈಬದಲಾಗದ ವಸ್ತುಗಳು

ಎರಡು ಲಕ್ಷದ ಅಡ್ವಾನ್ಸ್ ಕಟ್ಟಡದ ಮಾಲಕರ ಹತ್ತಿರ ಇದೆಯೇ ಹೊರತು ಮಾರುವವರ ಹತ್ತಿರ ಇಲ್ಲ. ಮಾಲಕರು ಹೊಸ ಬಾಡಿಗೆದಾರನ ಹೆಸರಿಗೆ ಕರಾರು ಬರೆದು, ಅಡ್ವಾನ್ಸ್ ಜಮಾ ಇದೆ ಎಂದು ರಸೀದಿ ಕೊಟ್ಟ ಮೇಲಷ್ಟೇ ಆ ಮೊತ್ತವನ್ನು ಮಾರುವವರಿಗೆ ಕೊಡಬೇಕು. ಎಲ್ಲಕ್ಕಿಂತ ಮೊದಲು ಮಾತಾಡಬೇಕಾದ ವ್ಯಕ್ತಿ ಕಟ್ಟಡದ ಮಾಲಕ. ಆದರೆ ನಮ್ಮಲ್ಲಿ ಅವರ ಹತ್ತಿರ ಹೋಗುವುದು ಕೊನೆಗೆ. ಬಾಡಿಗೆ ಏರುತ್ತದೆ ಎಂಬ ಭಯದಿಂದ ಮಾರುವವರೇ ‘ಅವ್ರಿಗೆ ಈಗ್ಲೇ ಹೇಳೋದು ಬ್ಯಾಡ’ ಎನ್ನುತ್ತಾರೆ. ಹಾಗೆಂದರೆ ಅಲ್ಲಿಗೇ ನಿಲ್ಲಿಸುವುದು ಲೇಸು. ನೋಂದಣಿಯ ಗೋಜು ಬೇಡವೆಂದು ಹೆಚ್ಚಿನ ಕಡೆ 11 ತಿಂಗಳ ಕರಾರು ನಡೆಯುತ್ತದೆ. ಐದು ಲಕ್ಷ ಹೆಸರಿಗೆ ಕೊಟ್ಟು ಹನ್ನೊಂದು ತಿಂಗಳ ಕಾಗದ ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ. ಖರ್ಚಾದರೂ ಮೂರು ಅಥವಾ ಐದು ವರ್ಷದ ನೋಂದಾಯಿತ ಕರಾರು, ವರ್ಷಕ್ಕೆ ಎಷ್ಟು ಬಾಡಿಗೆ ಏರಿಕೆ ಎಂಬುದು ಬರಹದಲ್ಲಿ, ಇಷ್ಟು ಸಿಕ್ಕಿದರೆ ಮಾತ್ರ ಹೆಸರಿಗೆ ಬೆಲೆ.

ಪರವಾನಗಿಗಳ ವಿಷಯ ಬೇಗ ಮುಗಿಸಬಹುದು. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಪರವಾನಗಿ ಮಾರಾಟದ ಜೊತೆ ಬರುವುದಿಲ್ಲ, ಹೊಸದು ಮಾಡಿಸಬೇಕು. ಉದ್ಯಮ್ ನೋಂದಣಿ ವ್ಯಕ್ತಿಯ ಪ್ಯಾನ್‌ಗೆ ಅಂಟಿದ್ದು. ಜಿಎಸ್‌ಟಿ, ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ನೋಂದಣಿ, ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್ ಎಲ್ಲವೂ ಕೊಂಡವರ ಹೆಸರಿಗೆ ಹೊಸದಾಗಿ ಆಗಬೇಕು. ಕರೆಂಟ್ ಬಿಲ್ಲಿನ ಹಳೆ ಬಾಕಿ ಸಣ್ಣದೆಂದು ಬಿಡುವಂತಿಲ್ಲ: ಹಿಂದಿನವರ ಬಾಕಿ ತೀರಿಸದೆ ಅದೇ ಜಾಗಕ್ಕೆ ಸಂಪರ್ಕ ಕೊಡುವುದಿಲ್ಲ ಎನ್ನಲು ವಿದ್ಯುತ್ ಕಂಪೆನಿಗೆ ನಿಯಮದ ಬಲವಿದ್ದರೆ ಅದು ಸರಿಯೇ ಎಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಕೆ.ಸಿ. ನೈನಾನ್ ಪ್ರಕರಣದಲ್ಲಿ ಹೇಳಿದೆ.

ಇನ್ನು ಗೋಡೆಯ ಮೇಲಿನ ಕ್ಯೂಆರ್ ಸ್ಟಿಕ್ಕರ್. ಅಂಗಡಿ ಬದಲಾಗಿ ತಿಂಗಳಾದರೂ ಗಿರಾಕಿಯ ದುಡ್ಡು ಹಳೆಯವರ ಖಾತೆಗೇ ಹೋಗುತ್ತಿರುತ್ತದೆ. ಕೇಕಿನ ಆರ್ಡರ್ ಬರುವ ಮೊಬೈಲ್ ನಂಬರೂ ಹಾಗೆಯೇ. ನಂಬರು ಮಾರಿದವರ ಜೇಬಿನಲ್ಲೇ ಉಳಿದರೆ ಐದು ಲಕ್ಷ ಕೊಟ್ಟ ಹೆಸರಿನ ಅರ್ಧ ಭಾಗ ಅಲ್ಲೇ ಉಳಿದಂತೆ. ಸಿಮ್ಮನ್ನೂ ಹೆಸರು ಬದಲಿಸಿ ತಗೊಳ್ಳಬೇಕು.

ಬಡ್ಡಿ ಇಲ್ಲದೆ ದುಡ್ಡು ಎಲ್ಲಿಂದ?

ಪರಿಶೀಲನೆಯ ಬಳಿಕ ಸರಕು 1,10,000, ಯಂತ್ರ 2,40,000, ಅಡ್ವಾನ್ಸ್ 2,00,000, ಹೆಸರು 3,00,000, ಒಟ್ಟು ಎಂಟೂವರೆ ಲಕ್ಷಕ್ಕೆ ಮಾತು ನಿಂತಿತು ಎನ್ನೋಣ. ಕೈಯಲ್ಲಿರುವುದು ನಾಲ್ಕೂವರೆ. ಉಳಿದ ನಾಲ್ಕು ಲಕ್ಷಕ್ಕೆ ಏನು ಮಾಡುವುದು?

ಬ್ಯಾಂಕು ಒಂದು ದಾರಿ. 2015ರ ಏಪ್ರಿಲ್ 8ರಂದು ಆರಂಭವಾದ ಮುದ್ರಾ ಯೋಜನೆಯಲ್ಲಿ ಅಡಮಾನವಿಲ್ಲದೆ ಶಿಶು ವರ್ಗದಲ್ಲಿ 50 ಸಾವಿರ, ಕಿಶೋರದಲ್ಲಿ 5 ಲಕ್ಷ, ತರುಣದಲ್ಲಿ 10 ಲಕ್ಷದವರೆಗೆ ಸಾಲವಿದೆ; ತರುಣ ಸಾಲ ತೀರಿಸಿದವರಿಗೆ 20 ಲಕ್ಷದವರೆಗೂ ಸಿಗುತ್ತದೆ. ಆದರೆ ಬ್ಯಾಂಕಿನವರು ಸಾಮಾನ್ಯವಾಗಿ ಕೊಡುವುದು ಯಂತ್ರಕ್ಕೆ, ಸರಕಿಗೆ. ಹೆಸರಿನ ಬೆಲೆಗೆ ಕೊಡಲು ಹಿಂಜರಿಯುತ್ತಾರೆ. ರಾಜ್ಯ ಅಲ್ಪಸಂಖ್ಯಾತರ ನಿಗಮಗಳ ಯೋಜನೆಗಳು ಆಯಾ ರಾಜ್ಯದ ನಿವಾಸಿಗಳಿಗೆ: ದಕ್ಷಿಣ ಕನ್ನಡದ ವಿಳಾಸ ಇಟ್ಟುಕೊಂಡು ತೆಲಂಗಾಣದ ನಿಗಮಕ್ಕೆ ಅರ್ಜಿ ಹಾಕಿದರೆ ಆಗದು, ಕರ್ನಾಟಕದ ಕೆಎಂಡಿಸಿಗೆ ಗಡಿಯಾಚೆಯ ಅಂಗಡಿ ತೋರಿಸಿದರೂ ಕಷ್ಟ. ಇದೆಲ್ಲಕ್ಕಿಂತ ಮೊದಲು ಬಡ್ಡಿಯ ಪ್ರಶ್ನೆ ಇದ್ದೇ ಇದೆ. ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಕೊಡಬೇಕೆಂದು 2008ರಲ್ಲಿ ರಘುರಾಮ್ ರಾಜನ್ ಸಮಿತಿ ಹೇಳಿತ್ತು. ಆ ಪ್ರಸ್ತಾವವನ್ನು ಮುಂದುವರಿಸುವುದಿಲ್ಲ ಎಂದು 2017ರಲ್ಲಿ ರಿಸರ್ವ್ ಬ್ಯಾಂಕ್ ತಿಳಿಸಿತು. ಬಾಗಿಲು ಅಲ್ಲಿಗೆ ಮುಚ್ಚಿದೆ.

ಹಾಗಾದರೆ ಅತ್ಯಂತ ಹತ್ತಿರದ ಸಾಲಗಾರ ಯಾರು? ಎದುರು ಕೂತಿರುವ ಮಾರಾಟಗಾರನೇ. ಅವರಿಗೆ ಅಂಗಡಿಯ ತಾಕತ್ತು ಗೊತ್ತು, ಅಡಮಾನ ಬೇಕಿಲ್ಲ, ಬಡ್ಡಿಯೂ ಬೇಕಿಲ್ಲ. ಒಪ್ಪಂದದ ದಿನ 50 ಸಾವಿರ, ಕೀಲಿ ಕೊಡುವ ದಿನ 4 ಲಕ್ಷ, ಉಳಿದ 4 ಲಕ್ಷ ತಿಂಗಳಿಗೆ 25 ಸಾವಿರದಂತೆ 16 ಕಂತು. ಅಂಗಡಿಯ ಲಾಭ 35 ಸಾವಿರ, ತಾನೇ ದುಡಿದರೆ ಉಳಿಯುವ ಕೂಲಿ 20 ಸಾವಿರ. ಕಂತು ಕಟ್ಟಿದರೂ ಮನೆ ಖರ್ಚಿಗೆ 30 ಸಾವಿರ ಕೈಯಲ್ಲಿರುತ್ತದೆ. ಕಂತಿನ ಮಾರಾಟಕ್ಕೆ ರೊಕ್ಕದ ಬೆಲೆಗಿಂತ ಸ್ವಲ್ಪ ಹೆಚ್ಚು ಕೇಳುವುದೂ ಶಾಫಿಈ ಸೇರಿದಂತೆ ನಾಲ್ಕೂ ಮದ್‌ಹಬ್‌ಗಳ ಬಹುಪಾಲು ವಿದ್ವಾಂಸರ ಪ್ರಕಾರ ಸರಿಯೇ. ಷರತ್ತು ಒಂದೇ: ಬೆಲೆ ಯಾವುದೆಂದು ಎದ್ದು ಹೋಗುವ ಮುಂಚೆ ನಿಗದಿಯಾಗಬೇಕು. ‘ಈಗ ಕೊಟ್ರೆ ಎಂಟೂವರೆ, ತಡವಾದ್ರೆ ನೋಡೋಣ’ ಎಂಬುದು ನಡೆಯದು. ಕಂತು ತಪ್ಪಿದಾಗ ಮೊತ್ತ ಏರಿಸಿದರೆ ಅದು ರಿಬಾ.

ಕಂತಿನ ಮಾರಾಟಕ್ಕೆ ಇನ್ನೊಂದು ಗುಣವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 4 ಲಕ್ಷ ಬರಬೇಕಾಗಿರುವವರೆಗೆ ಮಾರಿದವರು ಫೋನ್ ಎತ್ತುತ್ತಾರೆ. ಒಲೆ ಕೆಟ್ಟರೆ ಯಾರನ್ನು ಕರೆಯಬೇಕು, ಮದುವೆ ಸೀಸನ್ನಿನಲ್ಲಿ ಎಷ್ಟು ಕೇಕು ಬೇಕು ಎಂದು ಹೇಳಿಕೊಡುತ್ತಾರೆ. ಪೂರ್ತಿ ದುಡ್ಡು ಸಿಕ್ಕವರು ಊರಿನ ರೈಲು ಹತ್ತುತ್ತಾರೆ.

ಸಂಬಂಧಿಕರ ಪಾಲುದಾರಿಕೆ ಎರಡನೆಯ ದಾರಿ. ಇಲ್ಲಿ ಆಗುವ ತಪ್ಪು ಬಹಳ ಸಾಮಾನ್ಯ. ಗಲ್ಫ್‌ನಲ್ಲಿರುವ ಬಾವ ಮೂರು ಲಕ್ಷ ಹಾಕುತ್ತಾರೆ, ‘ತಿಂಗಳಿಗೆ ಆರು ಸಾವಿರ ಮನೆಗೆ ಕೊಡು ಸಾಕು’ ಎನ್ನುತ್ತಾರೆ. ಹೆಸರು ಪಾಲು, ಒಳಗಿರುವುದು ಬಡ್ಡಿ. ಪಾಲು ಎಂದರೆ ಲಾಭದಲ್ಲಿ ಶೇಕಡಾವಾರು. ನಷ್ಟವಾದರೆ ಹಾಕಿದ ಬಂಡವಾಳದ ಪ್ರಮಾಣದಲ್ಲಿ ಅವರಿಗೂ ನಷ್ಟ. ಪ್ರತಿ ತಿಂಗಳೂ ಇಷ್ಟೇ ಎಂಬ ಖಚಿತ ‘ಹಲಾಲ್ ಲಾಭ’ದ ಮಾತು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಕುಟುಂಬಗಳು ಕಂಡಿವೆ. ಅಲ್ಲಿ ಕೋಟಿಗಳಲ್ಲಿ ಆದದ್ದು ಮನೆಯೊಳಗೆ ಲಕ್ಷಗಳಲ್ಲಿ ಆಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಸಿಬಿಐ ಬರುವುದಿಲ್ಲ, ಅಕ್ಕ ಮಾತು ಬಿಡುತ್ತಾಳೆ.

ಮೂರನೆಯದು ಚಿನ್ನ. ಮಹ್ರ್ ಆಗಿ ಬಂದದ್ದಿರಲಿ, ತವರಿನವರು ಹಾಕಿದ್ದಿರಲಿ, ಹೆಂಡತಿಯ ಬಳೆ ಹೆಂಡತಿಯ ಆಸ್ತಿ. ಅಂಗಡಿಗಾಗಿ ಅದನ್ನು ಮಾರಿದರೆ ಆಕೆ ಸಾಲ ಕೊಟ್ಟಳೇ, ಪಾಲು ಹಾಕಿದಳೇ, ಸುಮ್ಮನೆ ಕೊಟ್ಟಳೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಪಾಲು ಹಾಕಿದ್ದರೆ ಆಕೆಯ ಹೆಸರೂ ಪಾಲುದಾರಿಕೆ ಪತ್ರದಲ್ಲಿ ಇರಬೇಕು. ಗಂಡ ತೀರಿಕೊಂಡ ಮೇಲೆ ಅಂಗಡಿ ಅಣ್ಣತಮ್ಮಂದಿರ ನಡುವೆ ಹಂಚಿಕೆಯಾಗುವಾಗ ಆ ಹಾಳೆ ಇಲ್ಲದ್ದರ ಬೆಲೆ ಗೊತ್ತಾಗುತ್ತದೆ.

ಒಂದು ತೆರಿಗೆ ಎಚ್ಚರಿಕೆ ಬಡ್ಡಿ ಇಲ್ಲದ ಕೈಸಾಲಕ್ಕೂ ತಾಗುತ್ತದೆ. 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವಂತಿಲ್ಲ, ಅದು ಕರ್ಝ್ ಹಸನ್ ಆದರೂ ಸರಿ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೀಲಿ ಕೊಡುವ ದಿನದ 4 ಲಕ್ಷ ನೋಟಿನ ಕಟ್ಟಿನಲ್ಲಿ ಹೋಗಬಾರದು, ಬ್ಯಾಂಕಿನಿಂದ ಬ್ಯಾಂಕಿಗೆ ಹೋಗಬೇಕು. ತಾನೇ ಕಟ್ಟಿ ಬೆಳೆಸಿದ ಹೆಸರಿಗೆ ಖರೀದಿ ವೆಚ್ಚ ಸೊನ್ನೆ ಎಂದೇ ಆದಾಯ ತೆರಿಗೆಯ ಲೆಕ್ಕ. ಹೆಸರಿಗೆ ಸಿಕ್ಕ ಮೊತ್ತವೆಲ್ಲ ಮಾರಿದವರಿಗೆ ಬಂಡವಾಳ ಲಾಭ. ‘ಅರ್ಧ ಬಿಳಿ, ಅರ್ಧ ಕಪ್ಪು’ ಎಂಬ ಒತ್ತಾಯ ಹೆಚ್ಚಾಗಿ ಬರುವುದು ಇದರಿಂದಲೇ. ಒಪ್ಪಿದರೆ ನಾಳೆ ಕೋರ್ಟಿಗೆ ಹೋದಾಗ ಕೊಳ್ಳುವವನ ಕೈಯಲ್ಲಿ ಅರ್ಧ ಬೆಲೆಗೇ ಸಾಕ್ಷಿ.

ಕಾಗದ

ಮುದ್ದತ್ತಿನ ಸಾಲವನ್ನು ಬರೆದಿಡಿ, ಸಾಕ್ಷಿ ಇಡಿ, ಸಣ್ಣದೆಂದು ಬೇಸರಪಡಬೇಡಿ ಎಂಬ ಆದೇಶ ಇರುವ ಸೂರಃ ಅಲ್ ಬಖರದ 282ನೇ ಆಯತ್ ಇಡೀ ಕುರ್‌ಆನಿನ ಅತಿ ಉದ್ದದ ಆಯತ್. ಹೀಗಿದ್ದೂ ‘ನಮ್ಮವ್ರಲ್ವಾ, ಕಾಗದ ಯಾಕೆ?’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಕಾಗದ ಕೇಳುವುದು ಅಪನಂಬಿಕೆಯಲ್ಲ.

ಅಂಗಡಿ ತೆಲಂಗಾಣದಲ್ಲಿದ್ದರೆ ಛಾಪಾ ಕಾಗದವೂ ಅಲ್ಲಿಯದಾಗಿರಬೇಕು. ಮುದ್ರಾಂಕ ಶುಲ್ಕ ಕಡಿಮೆ ಬಿದ್ದ ಕಾಗದವನ್ನು ಶುಲ್ಕ, ದಂಡ ಕಟ್ಟುವವರೆಗೆ ಕೋರ್ಟು ಸಾಕ್ಷಿಯಾಗಿ ತಗೊಳ್ಳುವುದಿಲ್ಲ. ಕಾಗದ ತೆಲುಗಿನಲ್ಲಿದ್ದರೆ ಓದಲು ಬಾರದವರು ಮೂರನೆಯವರಿಂದ ಓದಿಸಿ, ಅದರ ಕನ್ನಡ ಪ್ರತಿಗೂ ಇಬ್ಬರ ಸಹಿ ಹಾಕಿಸಿಕೊಳ್ಳಬೇಕು. ದಲ್ಲಾಳಿ ಬಾಯಲ್ಲಿ ಹೇಳಿದ ಅನುವಾದ ಸಾಲದು.

ಅದರಲ್ಲಿ ಮರೆಯಬಾರದ ಒಂದು ಷರತ್ತು ಇದೆ. ಅಂಗಡಿ ಮಾರಿದವರು ಮೂರು ತಿಂಗಳಲ್ಲಿ ಎದುರು ಸಾಲಿನಲ್ಲೇ ಹೊಸ ಬೇಕರಿ ತೆರೆದರೆ ಹೆಸರಿಗೆ ಕೊಟ್ಟ ದುಡ್ಡು ನೀರಿಗೆ ಹೋದಂತೆ. ವ್ಯಾಪಾರ ಮಾಡದಂತೆ ತಡೆಯುವ ಕರಾರನ್ನು 1872ರ ಕರಾರು ಕಾಯ್ದೆಯ 27ನೇ ಕಲಂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಹೆಸರು ಸಮೇತ ವ್ಯಾಪಾರ ಮಾರಿದವರಿಗೆ ಅದೇ ಕಲಂ ವಿನಾಯಿತಿ ಇಟ್ಟಿದೆ: ನಿರ್ದಿಷ್ಟ ಪ್ರದೇಶದೊಳಗೆ ಅಂಥದ್ದೇ ವ್ಯಾಪಾರ ಮಾಡುವುದಿಲ್ಲ ಎಂದು ಬರೆದುಕೊಡಬಹುದು, ಮಿತಿ ನ್ಯಾಯವಾಗಿರಬೇಕು. ‘ಮದ್ದೂರು ಪೇಟೆಯಲ್ಲಿ ಮೂರು ವರ್ಷ’ ಎಂದರೆ ನಿಲ್ಲುತ್ತದೆ. ‘ತೆಲಂಗಾಣದಲ್ಲೆಲ್ಲೂ ಜೀವಮಾನ’ ಎಂದರೆ ನಿಲ್ಲುವುದು ಕಷ್ಟ. ವಿನಾಯಿತಿ ಸಿಗುವುದು ಹೆಸರಿನ ಬೆಲೆಗೆ. ಒಪ್ಪಂದದಲ್ಲಿ ಹೆಸರಿಗೆ ಮೂರು ಲಕ್ಷ ಎಂದು ಬೇರೆಯಾಗಿ ಬರೆಯುವುದು ಅದಕ್ಕಾಗಿಯೇ.

ಕಂತಿಗೆ ಚೆಕ್ ಕೊಡುವುದಾದರೆ ದಿನಾಂಕ, ಮೊತ್ತ ತುಂಬಿಯೇ ಕೊಡಬೇಕು, ಪ್ರತಿ ಚೆಕ್ಕಿನ ನಂಬರನ್ನು ಒಪ್ಪಂದದಲ್ಲಿ ಬರೆಯಬೇಕು. ಖಾಲಿ ಚೆಕ್ ಎಂದಿಗೂ ಬೇಡ. ಚೆಕ್ ಮರಳಿದರೆ ಮಾರಿದವರು 30 ದಿನದೊಳಗೆ ನೋಟಿಸ್ ಕೊಡಬೇಕು, ಕೊಂಡವರಿಗೆ ಹಣ ಕಟ್ಟಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. ಈ ಗಡುವು ತಪ್ಪಿ ಹಕ್ಕು ಕಳಕೊಂಡ ಮಾರಾಟಗಾರರೂ ಉಂಟು.

ಮಾರುವವರ ಪಾಲಿನ ಅಪಾಯಗಳಲ್ಲಿ ದೊಡ್ಡದು ‘ಸದ್ಯಕ್ಕೆ ನಿಮ್ಮ ಹೆಸರಲ್ಲೇ ನಡೀಲಿ’ ಎಂಬುದು. ಜಿಎಸ್‌ಟಿ, ಆಹಾರ ಪರವಾನಗಿ, ಕರೆಂಟ್ ಮೀಟರು ಹಳೆಯ ಹೆಸರಲ್ಲೇ ಇದ್ದು, ಹೊಸಬರು ತಯಾರಿಸಿದ ತಿಂಡಿ ತಿಂದು ಯಾರಿಗಾದರೂ ತೊಂದರೆಯಾದರೆ ನೋಟಿಸ್ ಬರುವುದು ಊರಲ್ಲಿ ಕೂತ ಹಳಬರಿಗೆ. ವ್ಯಾಪಾರ ಬಿಟ್ಟ 30 ದಿನದೊಳಗೆ ಜಿಎಸ್‌ಟಿ ನೋಂದಣಿ ರದ್ದತಿಗೆ ಅರ್ಜಿ ಹಾಕಬೇಕು, ರದ್ದಾದ ಮೂರು ತಿಂಗಳಲ್ಲಿ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಸಲ್ಲಿಸಬೇಕು. ಪಾಲುದಾರಿಕೆಯಿಂದ ಹೊರಬರುವವರಾದರೆ ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ ಅಂಗಡಿ ಮಾಡುವ ಹೊಸ ಸಾಲಕ್ಕೂ ಅವರನ್ನು ಹಿಡಿಯಬಹುದು.

ಕೊಂಡವರು ಕಂತು ಕಟ್ಟಲಾರದೆ ಹೋದರೆ? ಕಷ್ಟದಲ್ಲಿರುವ ಸಾಲಗಾರನಿಗೆ ಅವಕಾಶ ಕೊಡಿ ಎಂಬುದು ಅದೇ ಸೂರಃದ 280ನೇ ಆಯತ್‌ನ ಮಾತು. ಹಾಗೆಂದು ಮಾರಿದವರು ಬರಿಗೈಯಲ್ಲಿ ಕೂರಬೇಕಿಲ್ಲ. ಸತತ ಮೂರು ಕಂತು ತಪ್ಪಿದರೆ ಅಂಗಡಿ ವಾಪಸ್, ಆವರೆಗೆ ಕಟ್ಟಿದ್ದರಲ್ಲಿ ಎಷ್ಟು ಹಿಂದಿರುಗಬೇಕು ಎಂಬ ಲೆಕ್ಕ, ಆಗ ಸರಕನ್ನು ಎಣಿಸುವವರು ಯಾರು, ಇಷ್ಟನ್ನೂ ಸ್ನೇಹ ಚೆನ್ನಾಗಿರುವಾಗಲೇ ಬರೆದಿಡಬೇಕು. ಇಬ್ಬರೂ ಒಪ್ಪುವ ಒಬ್ಬ ಮಧ್ಯಸ್ಥರ ಹೆಸರೂ ಅದರಲ್ಲಿರಲಿ. ಜಮಾಅತ್ತಿನ ಹಿರಿಯರಾದರೂ ಆದೀತು, ಪೇಟೆಯ ಹಳೆಯ ಸಾವ್ಕಾರರಾದರೂ ಆದೀತು. ಆದರೆ ವ್ಯವಹಾರ ಕುದುರಿಸಿ ಕಮಿಷನ್ ಪಡೆದವರು ಬೇಡ.

ಕೀಲಿ ಕೈಬದಲಾಗುವ ದಿನ ಕರೆಂಟ್ ಮೀಟರಿನ ಫೋಟೋ, ಎಣಿಸಿದ ಸರಕಿನ ಪಟ್ಟಿಗೆ ಇಬ್ಬರ ಸಹಿ, ಕೆಲಸಗಾರರ ಅಂದಿನವರೆಗಿನ ಸಂಬಳ ಚುಕ್ತಾ, ಸಿಲಿಂಡರ್ ಸಂಪರ್ಕದ ಕಾಗದ, ಬಾಡಿಗೆ ಕರಾರಿನ ಮೂಲ ಪ್ರತಿ ಎಲ್ಲ ಕೈಗೆ ಬಂದ ಮೇಲೆ ದೊಡ್ಡ ಮೊತ್ತ ವರ್ಗಾವಣೆಯಾಗಲಿ. ಗೋಡೆಯ ಹಳೆ ಕ್ಯೂಆರ್ ಕಿತ್ತು ಹೊಸದನ್ನು ಅಂಟಿಸಿ, ಮೊದಲ ಗಿರಾಕಿಯ ಹತ್ತು ರೂಪಾಯಿ ಚಹಾದ ದುಡ್ಡು ಯಾರ ಫೋನಿನಲ್ಲಿ ಸದ್ದು ಮಾಡಿತು ಎಂದು ಕೇಳಿಸಿಕೊಂಡರೆ ಅಂಗಡಿ ಯಾರದ್ದೆಂದು ಗೊತ್ತಾಗುತ್ತದೆ.